ಆರ್ಡನ್ ಟ್ವೀಟನ್‌ನ ಕತ್ತಿಗಳು

ನಮ್ಮ ಪಕ್ಕದ ಮನೆಯ ಆರ್ಡನ್ ಟ್ವೀಟನ್ ಬದುಕಿನಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ಕೇಳಿದವರು ಅವನನ್ನು ಬೇರೆ ಥರದ ಮನುಷ್ಯ ಅಂದುಕೊಳ್ಳುತ್ತಾರೆ, ಅದು ನನಗೆ ಇಷ್ಟವಿಲ್ಲ.

ಮಿನ್ನೆಸೋಟ ರಾಜ್ಯದ ವಾಯವ್ಯ ಮೂಲೆಯಲ್ಲಿ, ಸಕ್ಕರೆ ಮಾಡುವ ಬೀಟು ಗೆಡ್ಡೆ ಬೆಳೆಯುವ ಚಪ್ಪಟೆ ನೆಲದ ನಡುವೆ ನಮ್ಮ ಊರು. ಆರ್ಡನ್ ಜಿಲ್ಲೆಯ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಆ ಲಾರಿಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ನಾನಿದ್ದೆ. ಹೀಗಾಗಿ ಮನೆಯಲ್ಲೂ ಅವನ ಮುಖ, ಕೆಲಸದಲ್ಲೂ ಅವನ ಮುಖ. ದೊಡ್ಡ ಆಳು, ಮಾತು ಕಮ್ಮಿ. ನಗು ಬಂದರೆ ಮೊದಲು ಭುಜ ಅಲುಗುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಅವನ ಹೆಂಡತಿ ಡೊರೀನ್ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಸಲೂನು ನಡೆಸುತ್ತಿದ್ದಳು. ಮಕ್ಕಳಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಾರ್ವೆಯಿಂದ ಬಂದು ಇಲ್ಲಿ ನೆಲೆಸಿದವರ ಸಂತೆಗೆ ನಾನೂ ಆರ್ಡನ್ನೂ ಹೋಗಿದ್ದೆವು. ಅಲ್ಲಿ ವಿಸ್ಕಾನ್ಸಿನ್ ಕಡೆಯ ಒಬ್ಬ ಕಮ್ಮಾರ ಮೇಜಿನ ಮೇಲೆ ಕತ್ತಿಗಳನ್ನು ಹರಡಿಕೊಂಡು ಕೂತಿದ್ದ. ಸಾವಿರ ವರ್ಷದ ಹಿಂದಿನ ಕತ್ತಿಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿ, ಅಳತೆ ತೆಗೆದುಕೊಂಡು, ಅದೇ ತೂಕ ಅದೇ ಆಕಾರದಲ್ಲಿ ಹೊಸದಾಗಿ ಮಾಡಿದಂಥವು. ಆರ್ಡನ್ ಒಂದನ್ನು ಕೈಗೆ ತೆಗೆದುಕೊಂಡವನು ಕೆಳಗಿಡಲೇ ಇಲ್ಲ.

"ಹಗುರ ಕಣೋ ಡ್ವೇನ್. ಕೊಡಲಿ ಥರ ಭಾರ ಇರತ್ತೆ ಅನ್ಕೊಂಡಿದ್ದೆ. ಇದು ಕೈಲಿದ್ರೆ ಮುಂದೆ ಹೋಗೋಣ ಬಾ ಅಂತ ತಾನೇ ಎಳೆಯತ್ತೆ."

"ಎಲ್ಲಿಗೆ ಹೋಗ್ತೀಯ? ಆಲೂಗಡ್ಡೆ ಕಡುಬಿನ ಸಾಲು ಆ ಕಡೆ ಇದೆ" ಅಂದೆ ನಾನು.

ಅಲ್ಲಿಂದ ಶುರುವಾಯಿತು. ಬೇರೆಯವರು ಹಿಮದ ಮೇಲೆ ಓಡಿಸುವ ಸ್ಕೂಟರು, ಮೀನು ಹಿಡಿಯುವ ದೋಣಿ ಅಂತ ಕೂಡಿಸಿದರೆ ಇವನು ಕತ್ತಿ ಕೂಡಿಸಿದ. ನೆಲಮಾಳಿಗೆಯ ಗೋಡೆಗೆ ಪೈನ್ ಹಲಗೆ ಹೊಡೆದು, ಮರದ ಗೂಟ ಬಡಿದು, ಒಂದೊಂದನ್ನೂ ಅಡ್ಡಡ್ಡ ಮಲಗಿಸಿದ. ಒಂದು ಯಾವುದೋ ನದಿಯ ಕೆಸರಿನಲ್ಲಿ ಸಿಕ್ಕಿದ್ದರ ಪ್ರತಿರೂಪ, ಇನ್ನೊಂದು ಯಾವನೋ ದೊರೆಯ ಸಮಾಧಿಯಲ್ಲಿ ಸಿಕ್ಕಿದ್ದರದು. ಕೆಲವದರ ಅಲಗಿನ ನಡುವೆ ಹಾವು ಹರಿದ ಹಾಗೆ ಗೆರೆಗಳು. ಬೇರೆ ಬೇರೆ ಕಬ್ಬಿಣವನ್ನು ಹುರಿ ಹೊಸೆದು ಬೆಸೆದಾಗ ಹಾಗೆ ಬರುತ್ತದಂತೆ. ವಾರಕ್ಕೊಂದು ದಿನ ಕೂತು ಹತ್ತಿಬಟ್ಟೆಯಿಂದ ಎಣ್ಣೆ ಸವರುತ್ತಿದ್ದ. ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಕೆಣಕುತ್ತಿದ್ದೆ.

"ನಕಲಿ ಕತ್ತಿಗೆ ಇಷ್ಟು ಉಪಚಾರ ಯಾಕೋ?"

"ನಕಲಿ ಅಲ್ಲ, ಹೊಸದು. ಹಳೇವು ಯಾರ ಹೊಟ್ಟೆ ಬಗೆದಿದ್ದಾವೋ ಏನೋ. ಇವು ಇನ್ನೂ ಯಾರನ್ನೂ ಮುಟ್ಟಿಲ್ಲ. ಅದಕ್ಕೇ ಇವುಗಳ ಮೇಲಿನ ಮನೇಲಿ ನಂಗೆ ನಿದ್ದೆ ಬರತ್ತೆ."

ಊರಿನವರು ತಮಾಷೆ ಮಾಡುತ್ತಿದ್ದರು: ಟ್ವೀಟನ್ ಮನೇಲಿ ಮೇಲೆ ಕತ್ತರಿ, ಕೆಳಗೆ ಕತ್ತಿ, ಹುಷಾರಾಗಿ ಹೋಗಿ ಬಾ. ಡೊರೀನ್ ಕೂಡ ನಗುತ್ತಿದ್ದಳು. ಬೇಸಿಗೆಯಲ್ಲಿ ರಸ್ ಪೆಲ್ಟಿಯರ್ ಅನ್ನುವ ಗೆಳೆಯ ಮತ್ತು ಇನ್ನಿಬ್ಬರು ಮೂವರು ಕತ್ತಿಯ ಹುಚ್ಚಿನವರು ಬರುತ್ತಿದ್ದರು. ಹಿತ್ತಲಲ್ಲಿ ಹಾಲಿನ ಪ್ಲಾಸ್ಟಿಕ್ ಡಬ್ಬಕ್ಕೆ ನೀರು ತುಂಬಿ ಕಂಬದ ಮೇಲಿಟ್ಟು ಕಡಿಯುತ್ತಿದ್ದರು. ಒಂದೇ ಏಟಿಗೆ ಡಬ್ಬ ಎರಡಾಗಿ, ಮೇಲಿನರ್ಧ ಒಂದು ಕ್ಷಣ ಹಾಗೇ ಕೂತಿದ್ದು ಆಮೇಲೆ ಜಾರುತ್ತಿತ್ತು. ನನ್ನ ಹೆಂಡತಿ ಲವಾನ್ ಅದನ್ನು ಒಂದು ಸಲ ನೋಡಿದವಳು ಮತ್ತೆ ಆ ಕಡೆಯ ಕಿಟಕಿಯ ಪರದೆ ತೆಗೆಯಲಿಲ್ಲ.

ಆರ್ಡನ್ ನಿವೃತ್ತನಾದ ವರ್ಷದ ಶರತ್ಕಾಲ. ಬೇಲಿಯ ಹತ್ತಿರ ಎಲೆ ಗುಡಿಸುತ್ತಿದ್ದೆವು. ಅವನು ಕೈ ನಿಲ್ಲಿಸಿ, "ನಿನ್ನ ಶೆಡ್ಡಿನ ಪಕ್ಕ ನಿಂತಿದಾನಲ್ಲ, ಅವನ್ಯಾರು?" ಅಂದ.

ತಿರುಗಿ ನೋಡಿದೆ. ಕಸದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ತಮಾಷೆ ಅಂದುಕೊಂಡು, "ನಮ್ಮ ಮಾವ ಇರ್ಬೇಕು, ಸತ್ತ ಮೇಲೂ ಬಿಯರ್ ಹುಡುಕ್ಕೊಂಡು ಬಂದಿದಾನೆ" ಅಂದೆ.

ಆರ್ಡನ್ ನಗಲಿಲ್ಲ. "ಅಲ್ಲ. ನಿಮ್ಮ ಮಾವನಿಗೆ ಗಡ್ಡ ಇತ್ತು" ಅಂದು ಮತ್ತೆ ಎಲೆ ಗುಡಿಸತೊಡಗಿದ. ಆ ಸಂಜೆ ಶೆಡ್ಡಿಗೆ ಬೀಗ ಹಾಕಲು ಹೋಗುವಾಗ ಸುಮ್ಮನೆ ಕೈಯಲ್ಲಿ ಟಾರ್ಚ್ ಹಿಡಿದುಕೊಂಡಿದ್ದೆ.

ಆಮೇಲೆ ಅವರು ಮನೆಯೊಳಕ್ಕೇ ಬಂದರು. ಸೋಫಾದ ಮೇಲೆ ಇಬ್ಬರು ಕೂತಿರುತ್ತಾರೆ, ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ ಅಂತ ಆರ್ಡನ್ ಹೇಳತೊಡಗಿದ. ಒಂದು ದಿನ ಅವರಿಗೂ ಕಾಫಿ ಬಗ್ಗಿಸು ಅಂದನಂತೆ. ಡೊರೀನ್ ಅವನನ್ನು ಫಾರ್ಗೋದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ವೈದ್ಯೆ ಒಂದು ಉದ್ದ ಹೆಸರು ಹೇಳಿದಳು. ಮೆದುಳಿನ ಕಾಯಿಲೆ. ಇಲ್ಲದವರು ಕಾಣುತ್ತಾರೆ. ಕೆಲವು ಹೊತ್ತು ಮನುಷ್ಯ ಪೂರ್ತಿ ಸರಿಯಿರುತ್ತಾನೆ, ಕೆಲವು ಹೊತ್ತು ಇರುವುದಿಲ್ಲ, ಯಾವಾಗ ಯಾವುದು ಅಂತ ಹೇಳಲಾಗುವುದಿಲ್ಲ. ವಾಸಿಯಾಗುವುದಿಲ್ಲ.

ಅಲ್ಲಿಂದ ಬಂದ ದಿನ ಡೊರೀನ್ ನಮ್ಮ ಅಡಿಗೆಮನೆಯಲ್ಲಿ ಕೋಟು ಕೂಡ ತೆಗೆಯದೆ ಕೂತಳು.

"ಮನೇಲಿ ಬಂದೂಕು ಇದೆಯಾ ಅಂತ ಕೇಳಿದ್ರು. ಜಿಂಕೆ ಬೇಟೆದು ಒಂದಿತ್ತು, ನನ್ನ ತಮ್ಮನ ಮನೆಗೆ ಕಳಿಸಿಬಿಟ್ಟಿದೀನಿ ಅಂದೆ. ಒಳ್ಳೇದು ಮಾಡಿದ್ರಿ ಅಂದ್ರು. ಕತ್ತಿ ಇದೆಯಾ ಅಂತ ಯಾರು ಕೇಳ್ತಾರೆ ಹೇಳು. ನನ್ನ ಬಾಯಿ ತನಕ ಬಂತು. ಹೇಳಿದ್ರೆ ತೆಗೆಸಿಬಿಡಿ ಅಂತಾರೆ. ಲಾರಿ ಹೋಯ್ತು. ಇವತ್ತು ಕಾರ್ ಓಡಿಸೋದೂ ಹೋಯ್ತು. ಇನ್ನೇನು ಉಳಿದಿದೆ ಅವನಿಗೆ?"

"ನಿಂಗೆ ಹೆದರಿಕೆ ಆಗಲ್ವೇನೇ?" ಅಂದಳು ಲವಾನ್.

"ಆರ್ಡನ್ ಕಂಡ್ರಾ? ಹೋಗೇ, ನಿಂದೊಂದು." ನಕ್ಕಳು. ಆದರೆ ಮನೆಗೆ ಹೋಗಲು ಏಳಲಿಲ್ಲ.

ಹಿಮ ಬಿದ್ದ ಮೇಲೆ ಕತ್ತಿಗಳು ಮೇಲಕ್ಕೆ ಬಂದವು. ಮೊದಲನೆಯದು ಸ್ನಾನದ ಮನೆಯ ಬಾಗಿಲ ಹಿಂದೆ ಸಿಕ್ಕಿತು. ಆಮೇಲೆ ಒಂದು ಸೋಫಾದ ಕೆಳಗೆ. ಸಲೂನಿನಲ್ಲಿ ಟವೆಲ್ ಇಡುವ ಕಪಾಟಿನ ಹಿಂದೆ ಒಂದು. ಯಾಕೆ ಅಂತ ಕೇಳಿದರೆ ಆರ್ಡನ್ ತಗ್ಗಿದ ದನಿಯಲ್ಲಿ, "ಅವರು ಯಾವ ಬಾಗಿಲಿಂದ ಒಳಗೆ ಬರ್ತಾರೋ ಗೊತ್ತಾಗ್ತಿಲ್ಲ ಡೊರೀನ್. ನೀನು ಒಬ್ಬಳೇ ಇರ್ತೀಯ" ಅನ್ನುತ್ತಿದ್ದ.

ಅವಳು ಒಂದನ್ನು ಸದ್ದಿಲ್ಲದೆ ತೆಗೆದು ತನ್ನ ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟಳು. ಆರ್ಡನ್‌ಗೆ ತಕ್ಷಣ ಗೊತ್ತಾಯಿತು. ಅವರೇ ಬಂದು ಕದ್ದಿದ್ದಾರೆ, ಹಾಗಾದರೆ ಮನೆಯೊಳಗೇ ಇದ್ದಾರೆ ಅಂತ ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಿನ ಮೆಟ್ಟಿಲ ಮೇಲೆ ಕೂತ. ಊಟಕ್ಕೂ ಏಳಲಿಲ್ಲ. ಡೊರೀನ್ ಹೆದರಿ, ತೆಗೆದದ್ದನ್ನು ತಂದು ಅದೇ ಜಾಗದಲ್ಲಿಟ್ಟಳು. ತೆಗೆದರೂ ಕಷ್ಟ, ಬಿಟ್ಟರೂ ಕಷ್ಟ.

ಆ ಚಳಿಗಾಲ ಅವಳು ಮನೆಯಲ್ಲಿ ಮೆತ್ತನೆ ಚಪ್ಪಲಿ ಹಾಕುವುದನ್ನು ಬಿಟ್ಟಳು. ಗಟ್ಟಿ ಹಿಮ್ಮಡಿಯ ಬೂಟು ಹಾಕಿಕೊಂಡು ಓಡಾಡುತ್ತಿದ್ದಳು, ಅವನಿಗೆ ಸದ್ದು ಕೇಳಲಿ ಅಂತ. ಪ್ರತಿ ಬಾಗಿಲ ಮುಂದೆಯೂ ನಿಂತು, "ಆರ್ಡನ್, ನಾನು ಡೊರೀನ್, ಒಳಗೆ ಬರ್ತಾ ಇದೀನಿ" ಅಂತ ಕೂಗಿ ಆಮೇಲೆ ಹೆಜ್ಜೆ ಇಡುತ್ತಿದ್ದಳು. ನಮ್ಮ ಮನೆಗೆ ಬಂದರೂ ಹಿಂಬಾಗಿಲಲ್ಲಿ ನಿಂತು ಹಾಗೇ ಕೂಗಿಬಿಟ್ಟಳು ಒಂದು ಸಲ. ಲವಾನ್ ಅಳಲು ಶುರು ಮಾಡಿದಳು.

"ಅವನನ್ನ ಎಲ್ಲಾದ್ರೂ ಸೇರಿಸಬಾರದಾ?" ಅಂತ ನಾನೇ ಕೇಳಿದೆ.

"ಬೆಳಗ್ಗೆ ಎದ್ದು ನಂಗೆ ಮೊಟ್ಟೆ ಬೇಯಿಸಿ ಕೊಡ್ತಾನೆ ಡ್ವೇನ್. ಅಂಥೋನನ್ನ ಹೇಗೆ ಸೇರಿಸಲಿ?"

ಜನವರಿಯಲ್ಲಿ ಇನ್ನೊಂದು ಶುರುವಾಯಿತು. ತಿಂಡಿಯ ಹೊತ್ತಿನಲ್ಲಿ ಆರ್ಡನ್ ಚಮಚ ಕೆಳಗಿಟ್ಟು, "ನೀನು ಯಾರು?" ಅಂದ.

"ಡೊರೀನ್ ಕಣೋ."

"ಅಲ್ಲ."

ಎದ್ದು ಬಂದು ಅವಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಹೊಸ ಕತ್ತಿ ಬಂದಾಗ ಅದರ ಅಂಚನ್ನು ಹೀಗೇ ಬೆಳಕಿಗೆ ಹಿಡಿದು ನೋಡುತ್ತಿದ್ದ. "ಚೆನ್ನಾಗಿ ಮಾಡಿದಾರೆ" ಅಂದ. "ಮೂಗು ಅವಳದ್ದೇ ಥರ. ಕೂದಲೂ ಸರಿಯಾಗಿದೆ. ನೋಡಿ ನೋಡಿ ಮಾಡಿದಾರೆ. ಆದ್ರೆ ನೀನು ಅವಳಲ್ಲ."

ಸ್ವಲ್ಪ ಹೊತ್ತಿನ ಮೇಲೆ, ಏನೂ ಆಗಿಲ್ಲವೆಂಬಂತೆ, "ಡೊರೀನ್, ಇನ್ನೊಂದು ಮೊಟ್ಟೆ ಹಾಕ್ಲಾ?" ಅಂದನಂತೆ.

ಅದನ್ನು ಅವಳು ನನಗೆ ಹೇಳಿದ್ದು ನಮ್ಮಿಬ್ಬರ ಮನೆಗಳ ನಡುವಿನ ಹಿಮ ಎತ್ತುವಾಗ. "ನನ್ನನ್ನ ನಕಲು ಅಂದ ಡ್ವೇನ್. ಅದೂ ಚೆನ್ನಾಗಿರೋ ನಕಲು." ನಗಲು ನೋಡಿದಳು, ಆಗಲಿಲ್ಲ. ಸಲಿಕೆ ಹಿಡಿದು ನಿಂತೇ ಇದ್ದಳು. ಮನೆಯೊಳಗೆ ಹೋಗಲು ಅವಳಿಗೆ ಕಾಲು ಬರುತ್ತಿಲ್ಲ ಅನ್ನುವುದು ನನಗೆ ಕಂಡಿತು. ಆ ಬಿಳೀ ಹಗಲಲ್ಲಿ, ಹೊಗೆಕೊಳವೆಯಿಂದ ಹೊಗೆ ಬರುತ್ತಿದ್ದ ತನ್ನದೇ ಮನೆಯನ್ನು ಅವಳು ಬೇರೆ ಯಾರದೋ ಮನೆಯ ಹಾಗೆ ನೋಡುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ. ಹೊಸ ಹಿಮವೇನೂ ಬೀಳುತ್ತಿರಲಿಲ್ಲ, ಆದರೆ ಬಿದ್ದದ್ದನ್ನೆಲ್ಲ ಗಾಳಿ ಎಬ್ಬಿಸಿ ರಸ್ತೆಯೇ ಕಾಣದ ಹಾಗೆ ಮಾಡಿತ್ತು. ಫೋನು ಬಂತು. ಡೊರೀನ್ ಪಿಸುಗುಟ್ಟುತ್ತಿದ್ದಳು.

"ಡ್ವೇನ್, ಬಾ. ಹಿಂಬಾಗಿಲಿಂದ ಬಾ. ಓಡಬೇಡ, ಕೂಗಬೇಡ."

ಅವರ ಹಿಂಬಾಗಿಲು ಬಟ್ಟೆ ಒಗೆಯುವ ಕೋಣೆಗೆ ತೆರೆಯುತ್ತದೆ. ಒಳಗೆ ಹೋದಾಗ ಡೊರೀನ್ ಅಡಿಗೆಮನೆಯ ಕಡೆಯ ಬಾಗಿಲಿಗೆ ಬೆನ್ನು ಕೊಟ್ಟು, ಚಿಲಕವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಕಿವಿಯ ಹತ್ತಿರ ಕೂದಲಿನ ಬಣ್ಣ ಮೆತ್ತಿತ್ತು. ನನ್ನ ಕಿವಿಗೆ ಬಾಯಿಟ್ಟು ನಡೆದದ್ದನ್ನು ಹೇಳಿದಳು. ಸಲೂನಿನಲ್ಲಿ ಮುದುಕಿ ಇರ್ಮಾ ಲಿಂಡ್‌ಗೆ ಕೂದಲು ಗುಂಗುರು ಮಾಡಲು ಸುರುಳಿ ಸುತ್ತುತ್ತಿದ್ದಳಂತೆ. ಆರ್ಡನ್ ನೆಲಮಾಳಿಗೆಯಿಂದ ಬಿಚ್ಚುಗತ್ತಿ ಹಿಡಿದು ಬಂದು, 'ನನ್ನ ಹೆಂಡತಿನ ಏನ್ ಮಾಡಿದೆ, ಎಲ್ಲಿಟ್ಟಿದೀಯ' ಅಂತ ಕೇಳಿದನಂತೆ. ಇರ್ಮಾ ಸುರುಳಿಗಳ ಸಮೇತ ಹೊರಗೋಡಿ ಕಾರು ಹತ್ತಿಕೊಂಡಳು. ಡೊರೀನ್ ಇಲ್ಲಿಗೆ ಓಡಿಬಂದು ಚಿಲಕ ಹಾಕಿಕೊಂಡಳು.

"ಹೊರಗೆ ಬಂದುಬಿಡು, ನಮ್ಮನೆಗೆ ಹೋಗೋಣ" ಅಂದೆ.

"ಆಗಲ್ಲ. ಅವನು ಬರೀ ಕಾಲುಚೀಲದಲ್ಲಿದಾನೆ. ನನ್ನ ಹುಡುಕ್ಕೊಂಡು ಹೀಗೇ ಈ ಗಾಳಿಗೆ ಬಂದುಬಿಡ್ತಾನೆ." ಆಮೇಲೆ ಅವಳು ನನ್ನ ತೋಳು ಹಿಡಿದಳು. "ಇರ್ಮಾ ಶೆರಿಫ್‌ಗೆ ಫೋನ್ ಮಾಡಿರ್ತಾಳೆ. ಅವರು ಬರೋ ಹೊತ್ತಿಗೆ ಅವನ ಕೈಲಿ ಅದು ಇರಬಾರದು. ಕೆಳಗೆ ಹಾಕು ಅಂತಾರೆ, ಅವನಿಗೆ ಅರ್ಥ ಆಗಲ್ಲ. ಗುಂಡು ಹೊಡೆದುಬಿಡ್ತಾರೆ ಡ್ವೇನ್."

ಅಲ್ಲಿಯವರೆಗೆ ನನಗೆ ಕತ್ತಿಯ ಭಯ ಮಾತ್ರ ಇತ್ತು. ಈಗ ಎರಡು ಭಯವಾಯಿತು.

ನಾನು ಒಳಗೆ ಹೋದೆ. ಹೋದೆ ಅನ್ನುವುದು ಸುಲಭ. ಚಿಲಕಕ್ಕೆ ಎರಡು ಸಲ ಕೈ ಹಾಕಿ ಹಿಂದೆಗೆದು, ಮೂರನೆಯ ಸಲ ಬಾಗಿಲು ತೆಗೆದು ಅಡಿಗೆಮನೆಗೆ ಕಾಲಿಟ್ಟೆ. ಆರ್ಡನ್ ಫ್ರಿಜ್ಜಿನ ಪಕ್ಕ ನಿಂತಿದ್ದ. ಸ್ವೆಟರಿನ ಗುಂಡಿಗಳು ತಪ್ಪು ತೂತಿಗೆ ಬಿದ್ದಿದ್ದವು. ಹಾಲಿನ ಡಬ್ಬ ಕಡಿಯಲೆಂದು ಸಾಣೆ ಹಿಡಿದಿಟ್ಟಿದ್ದ ಕತ್ತಿಯೇ ಅವನ ಕೈಯಲ್ಲಿತ್ತು. ಕತ್ತಿಯ ತುದಿ ಫ್ರಿಜ್ಜಿನ ಬಾಗಿಲಿಗೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು.

"ಡ್ವೇನ್? ನೀನೇನಾ?"

"ನಾನೇ."

"ನಿಜವಾಗ್ಲೂ?"

"ಹಳೇ ಲಾರಿ ಹಿಮದಲ್ಲಿ ಹೂತಾಗ ನಿನ್ನ ಜೊತೆ ಕೂತು ಡಬ್ಬಿ ಮೀನು ತಿಂದೋನು ಇನ್ಯಾರು?" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

ಅವನು ಸ್ವಲ್ಪ ನಂಬಿದ. ತಲೆಯಿಂದ ಒಗೆಯುವ ಕೋಣೆಯ ಕಡೆ ತೋರಿಸಿ ಪಿಸುಗುಟ್ಟಿದ: "ಅವಳು ಅಲ್ಲಿದಾಳೆ. ಆ ಹೆಂಗಸು. ಡೊರೀನ್ ಬಟ್ಟೆ ಹಾಕ್ಕೊಂಡಿದಾಳೆ ಕಣೋ. ಡೊರೀನ್‌ನ ಏನ್ ಮಾಡಿದಳೋ ಗೊತ್ತಿಲ್ಲ. ನಾನು ಎಲ್ಲಾ ಕಡೆ ಹುಡುಕಿದೆ." ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಅವನೇ. ಹೆಂಡತಿಯನ್ನು ಯಾರೋ ಕದ್ದಿದ್ದಾರೆ, ಕದ್ದವಳು ಬಾಗಿಲ ಆಚೆ ನಿಂತಿದ್ದಾಳೆ ಅಂದರೆ ಯಾವ ಗಂಡಸಿಗೆ ಹೇಗಾಗುತ್ತದೋ ಹಾಗಾಗಿತ್ತು ಅವನಿಗೆ.

"ಅದನ್ನ ನನ್ನ ಕೈಗೆ ಕೊಡು" ಅಂತ ಕೈ ಚಾಚಿದೆ. ಅವನು ಕತ್ತಿಯನ್ನು ಎದೆಮಟ್ಟಕ್ಕೆ ಎತ್ತಿದ. ನಾನು ಹಿಂದೆ ಸರಿದೆ, ಬೆನ್ನು ಒಲೆಗೆ ತಾಗಿತು. ಕಂಬದ ಮೇಲೆ ಒಂದು ಕ್ಷಣ ಹಾಗೇ ಕೂತಿರುತ್ತಿದ್ದ ಆ ಅರ್ಧ ಡಬ್ಬ ಕಣ್ಣ ಮುಂದೆ ಬಂತು. ಹೊರಗೆ ಗಾಳಿಯ ಸದ್ದಿನಲ್ಲಿ ಸೈರನ್ ಸದ್ದು ಸೇರಿದೆಯೋ ಇಲ್ಲವೋ ಅಂತ ಕಿವಿಗೊಟ್ಟರೆ ಎರಡೂ ಒಂದೇ ಥರ ಕೇಳುತ್ತಿತ್ತು.

ಆಗ ಗೋಡೆಯ ಮೇಲಿದ್ದ ಫೋನು ಬಡಿದುಕೊಂಡಿತು. ನಾವಿಬ್ಬರೂ ಬೆಚ್ಚಿದೆವು. ಅವನು ಫೋನಿನ ಕಡೆ ಹೋಗಲಿಲ್ಲ. ನಾನೇ ಕೈ ಚಾಚಿ ಎತ್ತಿಕೊಂಡೆ.

"ಅವನಿಗೆ ಕೊಡು" ಅಂದಳು ಡೊರೀನ್. ಅವಳ ಹಿಂದೆ ಗಾಳಿ ಊಳಿಡುತ್ತಿತ್ತು. ಕೋಟು ಹಾಕಿಕೊಂಡು ಹಿಂಬಾಗಿಲಿಂದ ಹೊರಗೆ ಹೋಗಿ, ಹಿಮದಲ್ಲಿ ನಿಂತು ಮೊಬೈಲಿನಿಂದ ಮಾಡಿದ್ದಳು.

ಆರ್ಡನ್ ಎಡಗೈಯಿಂದ ತೆಗೆದುಕೊಂಡ. ಕಿವಿ ಮಂದವಾದ್ದರಿಂದ ಅವರ ಮನೆಯ ಫೋನಿನ ದನಿ ಯಾವಾಗಲೂ ಜೋರು, ನನಗೆ ಎಲ್ಲವೂ ಕೇಳುತ್ತಿತ್ತು.

"ಆರ್ಡನ್, ನಾನು."

ಅವನ ಮುಖ ಅರಳಿತು. "ಡೊರೀನ್! ಎಲ್ಲಿಗೆ ಹೋಗಿದ್ದೆ? ಬೇಗ ಬಾ. ಇಲ್ಲಿ ಒಬ್ಬಳು ಇದಾಳೆ, ನಿನ್ನ ಥರಾನೇ..."

"ಗೊತ್ತು. ಅದಕ್ಕೇ ಬರ್ತಾ ಇದೀನಿ. ನೀನು ಆ ಕತ್ತಿನ ಡ್ವೇನ್‌ಗೆ ಕೊಡು."

"ಕೊಟ್ರೆ ಅವಳು ಹೊರಗೆ ಬರ್ತಾಳೆ."

"ಬರಲಿ. ನಾನು ಬಂದು ನೋಡ್ಕೋತೀನಿ ಅವಳನ್ನ. ನಾನು ಯಾವತ್ತಾದ್ರೂ ನಿಂಗೆ ಸುಳ್ಳು ಹೇಳಿದೀನಾ?"

ಅವನು ಯೋಚನೆ ಮಾಡಿದ. ಕತ್ತಿ ಹಿಡಿದುಕೊಂಡೇ, ನಿಜವಾಗಿಯೂ ಯೋಚನೆ ಮಾಡಿದ. "ನಮ್ಮಮ್ಮ ಮಾಡಿದ ಲೆಫ್ಸೆ ರೊಟ್ಟಿ ಚೆನ್ನಾಗಿದೆ ಅಂದಿದ್ದೆ."

ಹೊರಗೆ ಆ ಗಾಳಿಯಲ್ಲಿ ಅವಳು ನಕ್ಕಳೋ ಅತ್ತಳೋ, ಒಂದು ಸದ್ದು ಬಂತು. "ಅದೊಂದು ಬಿಡು. ಕೊಡು ಅವನಿಗೆ."

ಆರ್ಡನ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು—ಅಲಗು ಅವನದೇ ಕುತ್ತಿಗೆಯ ಪಕ್ಕದಲ್ಲಿತ್ತು—ಕತ್ತಿಯನ್ನು ತಿರುಗಿಸಿ, ಅಲಗನ್ನು ಮಡಿಸಿದ ಎಡಗೈ ಮೇಲೆ ಮಲಗಿಸಿ, ಹಿಡಿಯನ್ನು ನನ್ನ ಕಡೆ ಚಾಚಿದ. ಅತಿಥಿಗಳಿಗೆ ಕತ್ತಿ ತೋರಿಸುವಾಗ ಅವನು ಕೊಡುತ್ತಿದ್ದ ರೀತಿ ಅದು. ನಾನು ತೆಗೆದುಕೊಂಡೆ.

ಮುಂಬಾಗಿಲ ಗಂಟೆ ಬಡಿಯಿತು. ಮೈಯೆಲ್ಲ ಹಿಮ ಮೆತ್ತಿಕೊಂಡು, ಟೋಪಿ ಹಾಕಿಕೊಂಡು ಡೊರೀನ್ ಒಳಗೆ ಬಂದಳು. "ಅಯ್ಯೋ, ಏನ್ ಗಾಳಿ! ಆರ್ಡನ್, ನಾನು ಬಂದೆ ಕಣೋ."

ಅವನು ಅವಳನ್ನೇ ನೋಡಿದ. ದನಿಗೆ ಸಿಕ್ಕಿದ ಹೆಂಡತಿ ಕಣ್ಣಿಗೆ ಸಿಗದಿದ್ದರೆ? ಡೊರೀನ್ ಮುಖದಲ್ಲೂ ಅದೇ ಪ್ರಶ್ನೆಯಿತ್ತು, ಆದರೂ ಅವಳು ಹೆಜ್ಜೆ ನಿಲ್ಲಿಸಲಿಲ್ಲ. ನೆಟ್ಟಗೆ ಅವನ ಹತ್ತಿರ ನಡೆದು ಹೋದಳು. ಅವನು ಅವಳ ಕೆನ್ನೆ ಮುಟ್ಟಿ, "ತಣ್ಣಗಾಗಿದೀಯ" ಅಂದ. ಆಮೇಲೆ ಅವಳನ್ನು ತಬ್ಬಿಕೊಂಡು, ಆ ಸುಳ್ಳು ಹೆಂಗಸಿನ ವಿಷಯವನ್ನೆಲ್ಲ ಅವಳಿಗೇ ಹೇಳಿದ. ಡೊರೀನ್ ಅವನ ಬೆನ್ನು ಸವರುತ್ತ, "ಹೋದ್ಲು ಬಿಡು. ನನ್ನ ನೋಡಿದ ಕೂಡಲೇ ಓಡಿಹೋದ್ಲು" ಅನ್ನುತ್ತಿದ್ದಳು.

ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಹಿಂಬಾಗಿಲಿಂದ, "ಕೆಳಗೆ ಹಾಕು! ಈಗಲೇ ಕೆಳಗೆ ಹಾಕು!" ಅನ್ನುವ ಕೂಗು ಬಂತು.

ಶೆರಿಫ್ ಕಚೇರಿಯ ಪೊಲೀಸ್ ಹುಡುಗಿ, ಬ್ರಿಟಾ ಸ್ಕಾರ್ಸ್ತಾದ್, ಪಿಸ್ತೂಲು ಹಿಡಿದು ನಿಂತಿದ್ದಳು. ಗುರಿ ನನ್ನ ಎದೆಗಿತ್ತು. ಬಿಚ್ಚುಗತ್ತಿ ನನ್ನ ಕೈಯಲ್ಲಿತ್ತಲ್ಲ. ಹಾಕಬೇಕು ಅಂತ ತಲೆಗೆ ಗೊತ್ತು, ಬೆರಳುಗಳು ಬಿಚ್ಚುತ್ತಿಲ್ಲ. ಆ ಪಿಸ್ತೂಲಿನ ಬಾಯಿ ಬಿಟ್ಟು ಜಗತ್ತಿನಲ್ಲಿ ಬೇರೇನೂ ಕಾಣಲಿಲ್ಲ. ಆರ್ಡನ್‌ಗೆ ಅರ್ಥವಾಗುವುದಿಲ್ಲ ಅಂದಿದ್ದಳು ಡೊರೀನ್. ನನಗೆ ಅರ್ಥವಾಗಿಯೂ ಹಾಕಲಾಗಲಿಲ್ಲ.

"ಬ್ರಿಟಾ, ಅದು ಡ್ವೇನ್ ಕಣೆ!" ಅಂದಳು ಡೊರೀನ್. "ನಿನ್ನ ಶಾಲೆ ಡ್ಯಾನ್ಸಿಗೆ ನಾನು ಜಡೆ ಹಾಕಿದ್ದು ಇದೇ ಮನೇಲಿ. ಕೈ ಇಳಿಸು."

ಹೇಗೋ ಬೆರಳು ಬಿಚ್ಚಿತು. ಕತ್ತಿ ಠಣ್ ಅಂತ ನೆಲಕ್ಕೆ ಬಿತ್ತು.

"ಹಾಗೆ ಬೀಳಿಸ್ತಾರೇನೋ ಕತ್ತಿನ!" ಅಂತ ಆರ್ಡನ್ ನನ್ನ ಮೇಲೆ ರೇಗಿದ. ಬ್ರಿಟಾ ಪಿಸ್ತೂಲು ಒಳಗಿಟ್ಟಳು. ನಾನು ಅಲ್ಲೇ ಒಲೆಯ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಮಾರನೆಯ ಬೆಳಗ್ಗೆ ಆರ್ಡನ್ ಪೂರ್ತಿ ಸರಿಯಿದ್ದ. ಡೊರೀನ್ ಯಾವುದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ನನ್ನನ್ನೂ ಕರೆಸಿಕೊಂಡಿದ್ದಳು. ಅವನು ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದ.

"ನಾನು ಅದನ್ನ ನಿನ್ನ ಮೇಲೆ ಎತ್ತಿದ್ನಾ?"

"ಎತ್ತಲಿಲ್ಲ. ಕೈಲಿ ಹಿಡ್ಕೊಂಡಿದ್ದೆ ಅಷ್ಟೇ."

"ಎತ್ತಿಬಿಡ್ತಿದ್ದೆ." ಅವನು ತನ್ನ ಕೈಗಳನ್ನು ನೋಡಿಕೊಂಡ. ಹೆದರಿದ ಮನುಷ್ಯನ ಮುಖ ಬೇಕಾದಷ್ಟು ನೋಡಿದ್ದೇನೆ. ತನ್ನ ಕೈಗೇ ಹೆದರಿದವನನ್ನು ನೋಡಿದ್ದು ಅದೊಂದೇ ಸಲ. "ಡ್ವೇನ್, ಪಿಕಪ್ ತೊಗೊಂಡು ಬಾ. ಎಲ್ಲಾನೂ ಹೊರಗೆ ಹಾಕು. ಈಗಲೇ. ಮಧ್ಯಾಹ್ನದ ಹೊತ್ತಿಗೆ ನಾನು ಒಪ್ತೀನೋ ಇಲ್ವೋ. ಒಪ್ಪದೇ ಇದ್ರೆ ನನ್ನ ಮಾತು ಕೇಳಬೇಡಿ."

ಅವನೇ ಒಂದೊಂದನ್ನು ಗೂಟದಿಂದ ಇಳಿಸಿ, ಒರೆಗೆ ಸೇರಿಸಿ, ಹಳೆ ಕಂಬಳಿಯಲ್ಲಿ ಸುತ್ತಿ ಮೆಟ್ಟಿಲ ತನಕ ತಂದುಕೊಟ್ಟ. ಮನೆಯಲ್ಲಿ ಅಲ್ಲಲ್ಲಿ ಇಟ್ಟಿದ್ದವನ್ನು ಡೊರೀನ್ ತಂದಳು. ಎಲ್ಲ ಆದ ಮೇಲೆ ಹಲಗೆಯ ಮುಂದೆ ನಿಂತು, "ಇಲ್ಲಿದ್ದದ್ದು ಎಲ್ಲಿ?" ಅಂದ. ಹಾವಿನ ಗೆರೆಯ ಒಂದು ಚಿಕ್ಕ ಕತ್ತಿ ಬಂದಿರಲಿಲ್ಲ.

"ನೀನೇ ಎಲ್ಲೋ ಇಟ್ಟಿರ್ಬೇಕು" ಅಂದಳು ಡೊರೀನ್.

"ನಾನೇ ಇಟ್ಟಿರೋದು. ಎಲ್ಲಿ ಅಂತ ಗೊತ್ತಿಲ್ಲ." ಅವನ ದನಿ ಸಣ್ಣದಾಯಿತು. "ಈಗ ಗೊತ್ತಿಲ್ಲ. ಆ ಇನ್ನೊಬ್ಬ ಆರ್ಡನ್‌ಗೆ ಗೊತ್ತಿರತ್ತೆ. ಡೊರೀನ್, ಇವತ್ತು ನೀನು ಇಲ್ಲಿ ಮಲಗಬೇಡ."

ಮನೆಯನ್ನೆಲ್ಲ ಜಾಲಾಡಿದೆವು. ಫ್ರಿಜ್ಜಿನ ಹಿಂದೆ, ಕೋಟುಗಳ ನಡುವೆ, ಸಲೂನಿನ ಕುರ್ಚಿಗಳ ಕೆಳಗೆ. ಮಧ್ಯಾಹ್ನದ ಹೊತ್ತಿಗೆ ಆರ್ಡನ್ ಮತ್ತೆ ಮಬ್ಬಾದ, ಸೋಫಾದ ಮೇಲೆ ಕೂತು, "ಏನ್ ಹುಡುಕ್ತಾ ಇದೀರಿ?" ಅಂತ ಕೇಳತೊಡಗಿದ. ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. "ಕನ್ನಡಕ" ಅಂದಳು ಡೊರೀನ್. ಅವನೂ ಎದ್ದು ನಮ್ಮ ಜೊತೆ ಕನ್ನಡಕ ಹುಡುಕಿದ.

ಸಿಕ್ಕಿದ್ದು ಲವಾನ್‌ಗೆ. ಹಾಸಿಗೆಯ ಹೊದಿಕೆ ಬದಲಿಸಿಕೊಡುತ್ತೇನೆ ಅಂತ ಹೋದವಳು ಕಿರುಚಿದಳು. ಹಾಸಿಗೆಗೂ ಅದರ ಕೆಳಗಿನ ಹಲಗೆಗೂ ನಡುವೆ, ಡೊರೀನ್ ಮಲಗುವ ಕಡೆ, ಒರೆಯಿಲ್ಲದೆ ಇತ್ತು. ಎಷ್ಟು ರಾತ್ರಿ ಅವಳು ಅದರ ಮೇಲೆ ಮಲಗಿದ್ದಳೋ. ಡೊರೀನ್ ಹೊದಿಕೆಯನ್ನು ಅದರ ಮೇಲೆ ಎಳೆದು ಮುಚ್ಚಿದಳು.

ಯಾಕೆ ಇಟ್ಟಿದ್ದ? ಅವಳನ್ನು ಕಾಯಲೋ, ಆ ಇನ್ನೊಬ್ಬಳಿಗೋ? ಆಮೇಲೆ ಒಂದು ಒಳ್ಳೆ ಗಳಿಗೆ ನೋಡಿ ಅವಳು ಕೇಳಿದಳಂತೆ. "ನಿನ್ನ ಕಾಯೋಕೇ ಇರ್ಬೇಕು" ಅಂದನಂತೆ ಅವನು, ಅವಳ ಮುಖ ನೋಡದೆ. "ಹಾಗೇ ಇರ್ಬೇಕು" ಅಂದಳಂತೆ ಇವಳೂ. ಲವಾನ್‌ಗೆ ಇದನ್ನು ಹೇಳಿ, ಮತ್ತೆ ಎಂದೂ ಆ ಮಾತೆತ್ತಲಿಲ್ಲ.

ಹಿಮ ಕರಗುವ ಮೊದಲೇ ಡೊರೀನ್ ಆರ್ಡನ್‌ನನ್ನು ಪಕ್ಕದ ಊರಿನ ಆರೈಕೆಯ ಮನೆಗೆ ಸೇರಿಸಿದಳು. ಅವನೇ ಒಳ್ಳೆಯ ಹೊತ್ತಿನಲ್ಲಿ ಒಪ್ಪಿ ಸಹಿ ಹಾಕಿದ. ಅಲ್ಲೂ ಅವನಿಗೆ ಜನ ಕಾಣುತ್ತಿದ್ದರು, ಆದರೆ ಅಲ್ಲಿ ಎಲ್ಲರಿಗೂ ಯಾರಾದರೂ ಕಾಣುತ್ತಿದ್ದರು. ಡೊರೀನ್ ದಿನಾ ಹೋಗುತ್ತಿದ್ದಳು. ಮುಖ ನೋಡಿ ಅವನು ಅನುಮಾನಪಟ್ಟ ದಿನ ಜಗಳವಾಡದೆ ಹೊರಗಿನ ಹಾದಿಗೆ ಬಂದು ಅವನ ಕೋಣೆಗೆ ಫೋನ್ ಮಾಡಿ, "ಬರ್ತಾ ಇದೀನಿ" ಅಂದು ಮತ್ತೆ ಒಳಗೆ ಹೋಗುತ್ತಿದ್ದಳು. ಎಷ್ಟೋ ಸಲ ಕೆಲಸ ಮಾಡುತ್ತಿತ್ತು. ಮಾಡದ ದಿನ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಬರುತ್ತಿದ್ದಳು.

ಮುಂದಿನ ವರ್ಷ ಬೀಟು ಕೀಳುವ ಹೊತ್ತಿಗೆ ಆರ್ಡನ್ ನಿದ್ದೆಯಲ್ಲೇ ಹೋದ. ಶವಸಂಸ್ಕಾರ ಮುಗಿದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಬನ್ನು ತಿನ್ನುತ್ತಿದ್ದಾಗ ರಸ್ ಪೆಲ್ಟಿಯರ್ ನನ್ನ ಹತ್ತಿರ ಬಂದ. ಕತ್ತಿಗಳನ್ನೆಲ್ಲ ನಾನು ಅವನ ಮನೆಗೇ ಸಾಗಿಸಿದ್ದೆ, ಅವನು ತನ್ನ ಗೆಳೆಯರಿಗೆ ಹಂಚಿದ್ದ. ಟೈ ಕಟ್ಟಿಕೊಂಡಿದ್ದವನು ಮುಜುಗರದಿಂದ, "ಒಂದನ್ನ ಕಾರಲ್ಲಿ ತಂದಿದೀನಿ. ಆರ್ಡನ್ ಫೋಟೋಗಳಿಟ್ಟಿರೋ ಮೇಜಿನ ಮೇಲೆ ಇಡಬಹುದಾ ಅಂತ ಡೊರೀನ್‌ನ ಕೇಳ್ತೀಯಾ?" ಅಂದ.

ಡೊರೀನ್‌ಗೆ ಕೇಳಿಸಿತ್ತು. ಕಾಫಿ ಬಗ್ಗಿಸುತ್ತಿದ್ದ ಕೈ ನಿಲ್ಲಿಸಿದಳು.

"ಬೇಡ ರಸ್. ಬೇಜಾರು ಮಾಡ್ಕೋಬೇಡ. ಅವನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಅದನ್ನ ಕಂಡ್ರೆ ಇನ್ನೂ ಹೆದರಿಕೆ ಆಗತ್ತೆ."

"ಸರಿ" ಅಂದ ರಸ್.

"ಕೂತ್ಕೋ. ದೂರದಿಂದ ಬಂದಿದೀಯ" ಅಂದು ಡೊರೀನ್ ಅವನ ಮುಂದೆ ತಟ್ಟೆ ತಳ್ಳಿ, ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.